ಎಳೆದು ನೋಡಬಾರದ ಗಂಟು

ನಮ್ಮ ಮನೆಯವರು ಎಳೆದು ನೋಡದೆ ನಂಬಿದ ವಸ್ತು ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಕೊನೆಯದಾಗಿ ಅವರು ಎಳೆದು ನೋಡಿದ್ದು ಬಟ್ಟೆ ಒಣಹಾಕುವ ಹಗ್ಗವನ್ನು. ಅಂದು ಬುಧವಾರ, ವಿಶೇಷವೇನೂ ಇಲ್ಲದ ದಿನ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಎಂದಿನ ಹಾಗೆ ಮಗ್ಗಗಳ ಖಟಖಟ ನಡೆದಿತ್ತು. ಹಳೆಯ ಹಗ್ಗ ಜೀರ್ಣವಾಗಿದೆಯೆಂದು ನಾನು ಹಿತ್ತಲಲ್ಲಿ ಪೇರಲ ಗಿಡದಿಂದ ಬಚ್ಚಲ ಕಿಟಕಿಯ ಸರಳಿಗೆ ಹೊಸ ಹಗ್ಗ ಕಟ್ಟಿದ್ದೆ. ನಮ್ಮ ಮಗ್ಗದ ಶೆಡ್ಡಿನಿಂದ ಚಹಾಕ್ಕೆ ಬಂದವರು ಅದನ್ನು ಕಂಡರು. ಚಹಾದ ಕಪ್ಪು-ಬಸಿ ಕಟ್ಟೆಯ ಮೇಲಿಟ್ಟು ಎರಡೂ ಕೈಯಿಂದ ಹಗ್ಗ ಹಿಡಿದು ಜಗ್ಗಿದರು. ಅದು ಸಾಲದೆಂದು ಮೊಣಕಾಲು ಮಡಚಿ ಸ್ವಲ್ಪ ಜೋತಾಡಿದರು. ಐವತ್ತರ ಹತ್ತಿರದ ಮನುಷ್ಯ! ಒಣಗುತ್ತಿದ್ದ ನನ್ನ ಸೀರೆ ಅವರ ತಲೆಯ ಮೇಲೆ ಬಿತ್ತು. ಹಗ್ಗ ಬೀಳಲಿಲ್ಲ.

"ಯಾರ ಕಟ್ಟ್ಯಾರ ಇದನ್ನ?" ಸೀರೆಯೊಳಗಿಂದಲೇ ಕೇಳಿದರು.

"ನಾನರೀ."

"ಹೂಂ. ಇರ್ಲಿ."

ಅವರ ಬಾಯಿಂದ ‘ಇರ್ಲಿ’ ಬಂತೆಂದರೆ ಬೇರೆಯವರು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟ ಹಾಗೆ. ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದರು, ಮಗ್ಗಗಳನ್ನು ಚಾಲೂ ಮಾಡಿದರು, ಮೂರನೆಯ ಮಗ್ಗದ ಪಕ್ಕದ ಸ್ಟೂಲಿನ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ಡಾಕ್ಟರರು ಹೃದಯ ಅಂದರು. ಮನೆಯ ಮೊಳೆ ಮೊಳೆಯನ್ನೂ ಅಳ್ಳಾಡಿಸಿ ನೋಡಿದ ಮನುಷ್ಯ ಅದೊಂದನ್ನು ನೋಡದೆ ಬಿಟ್ಟಿದ್ದರಲ್ಲ, ಯಾರಿಗೆ ಹೇಳುವುದು?

ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮಲ್ಲಿ ಗಂಡನ ಹೆಸರನ್ನು ಒಡಪಿನೊಳಗೆ ಸೇರಿಸಿ ಮಾತ್ರ ಹೇಳುತ್ತೇವೆ. ಒಡಪು ಹಾಕುವ ವಯಸ್ಸು ನನ್ನದಲ್ಲ. ಅದೂ ಅಲ್ಲದೆ ಬರೆಯಲು ಹೊರಟಿರುವುದು ಅವರ ವಸಡಿನ ಕಥೆ. ವಸಡಿನ ಬಗ್ಗೆ ಬರೆಯುವುದೇನಿದೆ ಎಂದು ನೀವು ಕೇಳಬಹುದು. ನೀವು ನಮ್ಮ ಮನೆಯವರನ್ನು ನೋಡಿಲ್ಲ, ಅದಕ್ಕೇ ಹಾಗೆ ಕೇಳುತ್ತೀರಿ.

ಈ ಎಳೆಯುವ ಚಟ ಅವರಿಗೆ ಕಸುಬಿನಿಂದ ಬಂದದ್ದು. ವಿದ್ಯುತ್ ಮಗ್ಗದಲ್ಲಿ ನೂಲಿನ ಎಳೆ ಕಡಿಯುತ್ತಲೇ ಇರುತ್ತದೆ. ಕಡಿದ ಎರಡು ತುದಿ ಹಿಡಿದು ಗಂಟು ಹಾಕಬೇಕು, ಗಂಟನ್ನು ಎಳೆದು ನೋಡಬೇಕು, ಉಳಿದ ಬಾಲವನ್ನು ಕತ್ತರಿಸಬೇಕು. ಎಳೆದು ನೋಡದ ಗಂಟು ಹತ್ತು ಮೊಳ ನೇಯ್ದ ಮೇಲೆ ಬಿಚ್ಚಿಕೊಂಡು ಮಾನ ಕಳೆಯುತ್ತದೆ. ಬಾಲ ಕತ್ತರಿಸಲು ಎಲ್ಲರೂ ಕತ್ತರಿ ಇಟ್ಟುಕೊಂಡಿರುತ್ತಾರೆ. ಇವರ ಕೊರಳಲ್ಲಿಯೂ ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿ ಇತ್ತು, ಆದರೆ ಅದು ಒಡವೆ. ಕೆಲಸ ಮಾಡುತ್ತಿದ್ದದ್ದು ಕೆಳಗಿನ ನಾಲ್ಕು ಮುಂದಿನ ಹಲ್ಲು. ಗಂಟು, ಜಗ್ಗು, ಕಟಕ್. ದಿನಕ್ಕೆ ನೂರಾರು ಸಲ.

ಆ ನಾಲ್ಕು ಹಲ್ಲುಗಳ ಪರಿಚಯ ನನಗೆ ಮದುವೆಯ ದಿನವೇ ಆಯಿತು. ಗಡಹಿಂಗ್ಲಜದಲ್ಲಿ ನನ್ನ ತವರು. ನಮ್ಮದು ಜೈನ ಒಕ್ಕಲುತನದ ಮನೆ. ಉಪಾಧ್ಯರು ಮಂತ್ರ ಹೇಳಿ ನನ್ನ ಸೆರಗಿಗೂ ಅವರ ಶಲ್ಯಕ್ಕೂ ಗಂಟು ಹಾಕಿದರು. ಮದುಮಗ ಸುಮ್ಮನಿರಬೇಕೋ ಬೇಡವೋ? ಶಲ್ಯದ ತುದಿ ಹಿಡಿದು ಜಗ್ಗಿದರು. ಗಂಟು ಬಿಚ್ಚಿತು. ಮಂಟಪದಲ್ಲಿ ಹೆಂಗಸರು ಬಾಯಿಗೆ ಸೆರಗು ಹಿಡಿದರು.

"ಇದೇನ್ರೀ ಉಪಾಧ್ಯೇರ, ಇಂಥಾ ಗಂಟು ಹಾಕ್ತಾರೇನ್ರಿ?" ಎಂದು ತಾವೇ ನೇಕಾರರ ಗಂಟು ಹಾಕಿ, ಎಳೆದು ನೋಡಿ, "ಹೂಂ, ಇರ್ಲಿ" ಅಂದರು.

ಊಟಕ್ಕೆ ಕುಳಿತಾಗ ಆ ಗಂಟು ಯಾರಿಂದಲೂ ಬಿಚ್ಚಲಾಗಲಿಲ್ಲ. ನಮ್ಮ ಚಿಕ್ಕಪ್ಪ ಸೋತ, ಉಪಾಧ್ಯರು ಸೋತರು. ಕತ್ತರಿ ತಂದರೆ ನಮ್ಮ ಅತ್ತೆ, ಅಂದರೆ ಅವರ ತಾಯಿ, "ಮದುವಿ ಗಂಟಿಗೆ ಕತ್ತರಿ ಹಚ್ಚಿದವರ ಕೈ ಕಡೀತೀನಿ" ಅಂದರು. ಕಡೆಗೆ ಮದುಮಗನೇ ಬಗ್ಗಿ, ನೆರೆದ ನಾಲ್ಕು ನೂರು ಜನರೆದುರು ನನ್ನ ಸೆರಗಿನ ತುದಿಯನ್ನು ಬಾಯಲ್ಲಿ ಹಿಡಿದು, ಮುಂದಿನ ಹಲ್ಲಿನಿಂದ ಒಂದೊಂದೇ ಸುತ್ತು ಸಡಿಲಿಸಿದರು. ನಾನು ನೆಲ ನೋಡುತ್ತಿದ್ದೆ. ನೆಲ ಯಾಕೆ ಬಾಯಿ ಬಿಡುತ್ತಿಲ್ಲ ಎಂದು ನೋಡುತ್ತಿದ್ದೆ. ಹಿಂದಿನಿಂದ ನನ್ನ ಅಜ್ಜಿಯ ದನಿ ಕೇಳಿತು: "ಹಲ್ಲರ ಛಲೋ ಅದಾವ ಬಿಡ ಹುಡುಗಂದು."

ಆ ಹಲ್ಲುಗಳೇ ಕೈಕೊಟ್ಟದ್ದು ತುರ್ತುಪರಿಸ್ಥಿತಿ ತೆಗೆದ ಮರುವರ್ಷ. ಮೊದಲು ಕಂಡುಹಿಡಿದವರು ನಾನಲ್ಲ, ಅವರಲ್ಲ, ಬಟ್ಟೆ ಕೊಳ್ಳುವ ವ್ಯಾಪಾರಿ. ಬಿಳಿ ಬಟ್ಟೆಯ ಥಾನು ಬಿಚ್ಚಿ ತೋರಿಸಿ, "ಏನ್ ಶೇಟ್‌ಜಿ, ಚಿಕ್ಕಿ ಚಿಕ್ಕಿ ಡಿಜೈನ್ ನೇಯಾಕ ಸುರು ಮಾಡೀರೇನ?" ಎಂದು ಕೇಳಿದ. ನೋಡಿದರೆ ಗಂಟು ಬಿದ್ದ ಕಡೆಯಲ್ಲೆಲ್ಲ ಸಾಸಿವೆಯಷ್ಟು ಕೆಂಪು ಚುಕ್ಕೆ. ಎಳೆ ಕಡಿದಾಗಲೆಲ್ಲ ವಸಡಿನಿಂದ ರಕ್ತ. ಇವರು ಮನೆಗೆ ಬಂದು ಆ ಥಾನನ್ನು ಹೊದಿಕೆ ಮಾಡಲು ನನಗೆ ಕೊಟ್ಟರು. ಗಡಹಿಂಗ್ಲಜಕ್ಕೆ ಹೋದಾಗ ನನ್ನ ತಾಯಿ ಹೊಸ ಶೇಂಗಾ ಹುರಿದು ಮುಂದಿಟ್ಟಳು. ಸಿಪ್ಪೆಯನ್ನು ಹಲ್ಲಿನಿಂದಲೇ ಒಡೆಯುವ ಅಳಿಯ ಅಂದು ಒಂದೊಂದೇ ಕಾಯಿಯನ್ನು ಬೆರಳಿನಿಂದ ಸುಲಿದು, ಬೀಜವನ್ನು ಅಂಗೈಯಲ್ಲಿ ಪುಡಿಮಾಡಿ ಬಾಯಿಗೆ ಹಾಕಿಕೊಂಡರು.

"ಯಾಕ್ರೀ, ಹಲ್ಲು ನೋಯ್ತಾವೇನು?" ನಾನು ಕೇಳಿದೆ.

"ಶೇಂಗಾ ಬಿರುಸ ಅದಾವ."

"ಅಳ್ಳಾಡತಾವೇನು?"

ಅವರು ಇನ್ನೊಂದು ಕಾಯಿ ಸುಲಿದರು. ಎಲ್ಲವನ್ನೂ ಅಳ್ಳಾಡಿಸಿ ನೋಡುವ ಮನುಷ್ಯನ ಬಾಯೊಳಗೇ ನಾಲ್ಕು ಗೂಟ ಅಳ್ಳಾಡುತ್ತಿದ್ದವು.

ಅವರ ಹೆದರಿಕೆ ನನಗೆ ಗೊತ್ತಿತ್ತು. ನಮ್ಮ ಮಾವನವರ ಹಲ್ಲುಗಳು ನಲವತ್ತೈದಕ್ಕೆ ಹೀಗೇ ಅಳ್ಳಾಡಿ ಒಂದೊಂದಾಗಿ ಹೋಗಿದ್ದವು. ಆಮೇಲೆ ಅವರು ಶೆಡ್ಡಿನಲ್ಲಿ ಏನು ಹೇಳಿದರೂ ಕೆಲಸಗಾರರು ಬಾಯಿ ಒಳಗೆಳೆದುಕೊಂಡು ಹಾಗೇ ಅಂದು ತೋರಿಸಿ ನಗುತ್ತಿದ್ದರಂತೆ. ಮಾವನವರು ಶೆಡ್ಡಿಗೆ ಹೋಗುವುದನ್ನೇ ಬಿಟ್ಟು ಮನೆಯ ಮೂಲೆಯಲ್ಲಿ ಕುಳಿತವರು ಅಲ್ಲಿಂದಲೇ ಹೋದರು. ಮಗನ ಹಲ್ಲು ಅಳ್ಳಾಡಿದಾಗ ವಯಸ್ಸು ನಲವತ್ತು ನಡೆದಿತ್ತು. "ಹಲ್ಲ ಹೋದ್ವು ಅಂದ್ರ ಮಗ್ಗ ಹೋದಂಗ" ಎಂದು ನನ್ನೆದುರು ಒಮ್ಮೆ ಮಾತ್ರ ಹೇಳಿದರು. ಗೋಡೆಯ ಕಡೆ ಮುಖ ಮಾಡಿ ಹೇಳಿದರು.

ಅತ್ತೆಯ ಔಷಧ ತಯಾರಿತ್ತು. ತಂಬಾಕು ಸುಟ್ಟು ಪುಡಿಮಾಡಿದ ಮಿಶ್ರಿಯ ಡಬ್ಬಿ ಮುಂದೆ ತಳ್ಳಿದರು. "ದಿನಾ ಮುಂಜಾನೆ ತಿಕ್ಕು. ನಾ ನಲವತ್ತು ವರ್ಷ ತಿಕ್ಕೀನಿ. ನನಗೇನಾಗೇತಿ?" ಎಂದು ನಕ್ಕು ತೋರಿಸಿದರು. ಅವರ ಬಾಯಲ್ಲಿ ಮೂರು ಹಲ್ಲಿದ್ದವು. ಆ ನಗು ನೋಡಿದ ಮೇಲೆಯೇ ನಮ್ಮ ಮನೆಯವರು ಕೊಲ್ಹಾಪುರದ ಬಸ್ಸು ಹತ್ತಿದ್ದು.

ಕೊಲ್ಹಾಪುರದ ಹಲ್ಲಿನ ಡಾಕ್ಟರರು ಮೂಲತಃ ಕನ್ನಡದವರು. ಬೈಯುವಾಗ ಮಾತ್ರ ಮರಾಠಿ. ಅವರು ತುದಿ ಬಾಗಿದ ಸಣ್ಣ ಕಡ್ಡಿಯೊಂದನ್ನು ತೆಗೆದಾಗ ನಮ್ಮ ಮನೆಯವರ ಮುಖ ಅರಳಿತು. ಮಗ್ಗದಲ್ಲಿ ಎಳೆ ಸೇದುವ ಹುಕ್ಕು ಹೀಗೇ ಇರುತ್ತದೆ. ತಮ್ಮ ಕಸುಬಿನವರೇ ಸಿಕ್ಕರು ಅಂದುಕೊಂಡಿರಬೇಕು. ಡಾಕ್ಟರರು ಕಡ್ಡಿಯನ್ನು ವಸಡಿನ ಸಂದಿಯಲ್ಲಿ ಇಳಿಸಿದರು, ಅದು ಇಳಿಯುತ್ತಲೇ ಹೋಯಿತು. ಆಮೇಲೆ ಹಲ್ಲುಗಳನ್ನು ಒಂದೊಂದಾಗಿ ಅಳ್ಳಾಡಿಸಿ ನೋಡಿದರು.

"ನೋಡ್ರಿ, ವಸಡ ಸಣ್ಣ ಸಣ್ಣ ನಾರಿನಿಂದ ಹಲ್ಲಿನ ಬೇರಿಗೆ ಹತ್ತಿಕೊಂಡಿರತದ. ಸಂದಿಯೊಳಗ ಹೊಲಸು ಕಲ್ಲಿನಂಗ ಕೂತು, ನಾರು ಹರದು, ವಸಡು ಬೇರು ಬಿಟ್ಟು ಚೀಲ ಆಗೇದ. ಕೆಳಗ ಎಲುಬೂ ಸವದದ. ನಾನು ವಸಡ ಬಿಚ್ಚಿ, ಬೇರು ಕೆರದು ಸ್ವಚ್ಛ ಮಾಡಿ, ಮತ್ತ ಹೊಲೀತೀನಿ. ವಾರದ ಮ್ಯಾಲ ದಾರ ತಗೀತೀನಿ."

"ದಾರ ತಗದ ಮ್ಯಾಲ ಏನ ಹಿಡಕೊಂಡಿರತದ್ರಿ?"

"ತಾನ ಹಿಡಕೋತದ. ಮೊದಲ ರಕ್ತ ಹೆಪ್ಪುಗಟ್ಟತದ. ಆಮ್ಯಾಲ ಮ್ಯಾಲಿನ ತೊಗಲು ಇಳಕೋತ ಹೋಗಿ ಬೇರಿಗೆ ಅಪ್ಪಿಕೋತದ. ಹೊರಗಿಂದ ನೋಡಿದ್ರ ಎರಡ ವಾರದಾಗ ಆತು ಅನಸ್ತದ. ಒಳಗ ಗಟ್ಟಿ ಆಗಾಕ ತಿಂಗಳುಗಟ್ಟಲೆ ಬೇಕು. ಅಷ್ಟರಾಗ ಕೆದಕಿದ್ರ ಬಿಚ್ಚಿಕೋತದ."

"ಹಿಡದದೋ ಇಲ್ಲೋ ಗೊತ್ತಾಗೂದ ಹೆಂಗ್ರಿ?"

"ಗೊತ್ತು ಮಾಡಿಕೊಳ್ಳಾಕ ಹೋಗಬಾರದು. ಅದೇ ಔಷಧ."

ಇಂಥ ಮಾತನ್ನು ನಮ್ಮ ಮನೆಯವರು ಜನ್ಮದಲ್ಲಿ ಕೇಳಿರಲಿಲ್ಲ. ಗಂಟು ಹಾಕಿ ಎಳೆದು ನೋಡಬಾರದಂತೆ! ಬಸ್ಸಿನಲ್ಲಿ ಬರುವಾಗ ಜಯಸಿಂಗಪುರದ ಕಡೆಯ ಒಬ್ಬ ರೈತನಿಗೆ ಇದನ್ನು ಹೇಳಿ, "ಇವರು ಕಲತವರು" ಎಂದು ತಲೆ ಅಲ್ಲಾಡಿಸಿದರು.

ಆಪರೇಷನ್ ಆಯಿತು. ಕಪ್ಪು ರೇಷ್ಮೆ ದಾರದಿಂದ ಹೊಲಿದು, ಮೇಲೆ ಗುಲಾಬಿ ಬಣ್ಣದ ಮೆತ್ತನೆಯ ಲೇಪ ಹಚ್ಚಿ ಕಳಿಸಿದರು. ಮೂರನೆಯ ದಿನ ಇವರು ಕನ್ನಡಿ ಹಿಡಿದು ಬಾಗಿಲಲ್ಲಿ ಕುಳಿತಿದ್ದರು. ಲೇಪ ಅಂಗೈಯಲ್ಲಿತ್ತು.

"ಅಯ್ಯ, ತಾನ ಬಿತ್ತೇನ್ರೀ?"

"ಗಂಟ ನೋಡಬೇಕಾಗಿತ್ತು. ಎರಡ ಸುತ್ತು ಹಾಕ್ಯಾನ. ಇರ್ಲಿ, ಬರೋಬರಿ ಅದ."

ಡಾಕ್ಟರರಿಗೆ ‘ಇರ್ಲಿ’ ಸಿಕ್ಕಿತು, ಆದರೆ ಅವರ ಕೆಲಸ ಕೆಟ್ಟಿತು. ದಾರ ತೆಗೆಸಿಕೊಂಡು ಬಂದ ಮೇಲಂತೂ ದಿನವೂ ಬೆಳಿಗ್ಗೆ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಅಳ್ಳಾಡಿಸುವುದು, ಎಳೆ ಸೇದುವ ಹುಕ್ಕನ್ನು ಬಿಸಿನೀರಲ್ಲಿ ತೊಳೆದು ವಸಡಿನ ಸಂದಿಗೆ ಇಳಿಸಿ ನೋಡುವುದು. ತೊಳೆದದ್ದು ತಮ್ಮ ಜಾಣತನವೆಂದು ಅವರ ಭಾವನೆ. ಹಿಡಿದುಕೊಳ್ಳಲು ಬಂದ ತೊಗಲು ದಿನವೂ ಬಿಟ್ಟುಕೊಳ್ಳುತ್ತಿತ್ತು. ತಿಂಗಳೊಳಗೆ ವಸಡು ಮತ್ತೆ ಊದಿ ಹಣ್ಣಾಯಿತು.

ಡಾಕ್ಟರರು ಬಾಯಿ ನೋಡಿದರು, ನನ್ನ ಮುಖ ನೋಡಿದರು. "ಯಾರ ಬಿಚ್ಚ್ಯಾರ ಇದನ್ನ?"

ನಾನು ಕಿಟಕಿಯ ಹೊರಗೆ ನೋಡಿದೆ. ಇವರು ಜೇಬಿನಿಂದ ಹುಕ್ಕು ತೆಗೆದು ಮೇಜಿನ ಮೇಲಿಟ್ಟರು. ನ್ಯಾಯಕ್ಕೆ ತಕ್ಕ ಮನುಷ್ಯ.

"ನೀವೂ ಇಂಥಾದರಲೇ ನೋಡಿದ್ರಿ. ನಾ ನೋಡಿದ್ರ ತಪ್ಪೇನ್ರಿ?"

ಡಾಕ್ಟರರು ಮರಾಠಿಗೆ ಹೋದರು. ಅಲ್ಲಿ ಬಹಳ ಹೊತ್ತು ಇದ್ದರು. ಕನ್ನಡಕ್ಕೆ ಮರಳಿ ಬಂದಾಗ ದನಿ ತಗ್ಗಿತ್ತು. "ಇನ್ನೊಂದ ಸಲ ಮಾಡ್ತೀನಿ. ಇದ ಕಡೀದು. ಮತ್ತ ಬಿಚ್ಚಿದ್ರಿ ಅಂದ್ರ ನಾಲ್ಕೂ ಕೀಳೂದೇ. ಹಾತ್ ಲಾವೂ ನಕಾ. ಕೈ ಹಚ್ಚಬ್ಯಾಡ್ರಿ. ತಿಳೀತೇನು?"

ತಿಳಿಯಿತು. ಆದರೆ ಕೈಗೆ ತಿಳಿಯಬೇಕಲ್ಲ? ಎರಡನೆಯ ಆಪರೇಷನ್ ಆಗಿ ಬಂದ ರಾತ್ರಿ ಅವರು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದರು, ಬೇರೆಯವರ ಮಕ್ಕಳನ್ನು ಹಿಡಿದು ಕೂರಿಸಿದ ಹಾಗೆ.

ಆಗ ಚಾತುರ್ಮಾಸ ಸುರುವಾಗುವುದಿತ್ತು. ಜಿನರ ಬಸ್ತಿಗೆ ಮುನಿ ಮಹಾರಾಜರು ಬಂದಿದ್ದರು. ಮಳೆಗಾಲದ ಆ ನಾಲ್ಕು ತಿಂಗಳು ಏನಾದರೊಂದನ್ನು ಬಿಡುತ್ತೇವೆಂದು ಅವರ ಮುಂದೆ ನೇಮ ಹಿಡಿಯುವುದು ನಮ್ಮ ಪದ್ಧತಿ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಇನ್ನೊಬ್ಬರು ಬೆಲ್ಲ. ನಮ್ಮ ಓಣಿಯ ಒಬ್ಬ ದೊಡ್ಡ ಮನುಷ್ಯ ಪ್ರತಿವರ್ಷ ಹಲಸಿನಹಣ್ಣು ಬಿಡುತ್ತಿದ್ದ. ಮಳೆ ಹಿಡಿದ ಮೇಲೆ ನಮ್ಮಲ್ಲಿ ಹಲಸು ಯಾರಿಗೆ ಸಿಗುತ್ತದೆ? ನಾನು ಏಳನೆಯ ಇಯತ್ತೆ ಕಲಿತವಳು, ಉಪಾಯ ಹೇಳುವವಳಲ್ಲ. ಆದರೂ ಅಂದು ಹೇಳಿದೆ: "ಅಲ್ರೀ, ಅದನ್ನ ನೇಮ ಹಿಡೀರಲ್ಲ."

ಅವರ ಸರದಿ ಬಂತು. ಕೈಮುಗಿದು ಗಟ್ಟಿಯಾಗಿ ಹೇಳಿದರು: "ಮಹಾರಾಜ್, ನಾಲ್ಕು ತಿಂಗಳು ನಾ ಹಲ್ಲು ಅಳ್ಳಾಡಿಸಿ ನೋಡೂದು ಬಿಡ್ತೀನ್ರಿ."

ಬಸ್ತಿಯಲ್ಲಿ ನಗು ಎದ್ದಿತು. ಹಲಸಿನಹಣ್ಣಿನವರು ಎಲ್ಲರಿಗಿಂತ ಹೆಚ್ಚು ನಕ್ಕರು. ಮಹಾರಾಜರು ನಗಲಿಲ್ಲ. "ಬಿಟ್ಟಿರಾಕ ಭಾಳ ಕಠಿಣ ಆಗ್ತದೇನು?" ಎಂದು ಕೇಳಿದರು.

"ಅನ್ನ ಬಿಟ್ಟೇನ್ರಿ. ಇದು ಆಗಂಗಿಲ್ಲ."

"ಹಂಗಾದ್ರ ಇದು ಖರೇ ತ್ಯಾಗ" ಎಂದು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

ಆ ನಾಲ್ಕು ತಿಂಗಳು ಹಲ್ಲೊಂದು ಬಿಟ್ಟು ಇಚಲಕರಂಜಿಯ ಉಳಿದ ವಸ್ತುಗಳಿಗೆ ಕಷ್ಟಕಾಲ. ಬಾಗಿಲ ಚಿಲಕ ಅಳ್ಳಾಡಿಸಿದರು, ಕೈಗೆ ಬಂತು. ಹೊರಸಿನ ಕಾಲು, ಕನ್ನಡಿಯ ಮೊಳೆ, ಪಕ್ಕದ ಮನೆಯ ಕರುವಿನ ದಾವಣಿ. ಕರು ಬಿಡುಗಡೆಯಾಗಿ ನಮ್ಮ ಅತ್ತೆಯ ಹಪ್ಪಳ ತಿಂದಿತು. ಮೀಟರಿನ ಸೀಲು ಗಟ್ಟಿಯಾಗಿದೆಯೇ ಎಂದು ಜಗ್ಗಿದರು, ಅದಕ್ಕೆ ವಾಯರಮನ್ನನ ಮುಂದೆ ಅರ್ಧ ದಿನ ಕೈಕಟ್ಟಿ ನಿಲ್ಲಬೇಕಾಯಿತು. ಬೀಗರೊಬ್ಬರ ಜೊತೆ ಮಾತಾಡುತ್ತ ಅವರ ಅಂಗಿಯ ಗುಂಡಿ ಹಿಡಿದರು, ಮಾತು ಮುಗಿದಾಗ ಗುಂಡಿ ಇವರ ಬೆರಳಲ್ಲಿತ್ತು. ಒಮ್ಮೆ ಕನ್ನಡಿಯ ಮುಂದೆ ಬೆರಳು ತುಟಿಯ ತನಕ ಹೋದದ್ದನ್ನು ನಾನು ಕಂಡೆ. ಬೆರಳು ಅಲ್ಲೇ ತಿರುಗಿ ಮೀಸೆಯ ಕೂದಲೊಂದನ್ನು ಹಿಡಿದು ಜಗ್ಗಿತು. ಕೂದಲು ಬಂತು. ನೇಮ ಉಳಿಯಿತು.

ಆದರೆ ಗಂಟು ಹಿಡಿದಿದೆಯೋ ಇಲ್ಲವೋ ತಿಳಿಯದೆ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಒಂದು ಸಂಜೆ, ಹೊತ್ತು ಮುಳುಗುವ ಮೊದಲಿನ ಊಟ ಮುಗಿಸಿ, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಹೊರಬಾಗಿಲ ಬೆಳಕಿಗೆ ಮುಖ ಮಾಡಿ ಕುಳಿತು ನನ್ನನ್ನು ಕರೆದರು.

"ಇಲ್ಲಿ ಬಾ. ನೀ ನೋಡಿ ಹೇಳು. ಕೈ ಹಚ್ಚಬ್ಯಾಡ."

ಕೆಳತುಟಿಯನ್ನು ತಾವೇ ಇಳಿಸಿ ಹಿಡಿದರು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರ ಬಾಯೊಳಗೆ ನಾನು ಇಣುಕಿದವಳಲ್ಲ. ಯಾವ ಹೆಂಡತಿ ಇಣುಕುತ್ತಾಳೆ? ವಸಡು ಕೆಂಪಾಗಿ ಹೊಳೆಯುತ್ತಿತ್ತು. ಹಾಗೆಂದೇ ಹೇಳಿದೆ. ಮರುದಿನವೂ ಕರೆದರು. ಅಲ್ಲಿಂದ ಮುಂದೆ ದಿನವೂ ಸಂಜೆ ನನಗೆ ಅದೇ ಕೆಲಸ. ಕೆಂಪು ಮಾಸುತ್ತ ಬಂದದ್ದು, ಊತ ಇಳಿದದ್ದು, ರಕ್ತ ನಿಂತದ್ದು, ವಸಡು ಹಲ್ಲಿನ ಬುಡಕ್ಕೆ ಮೆಲ್ಲಗೆ ಒರಗಿದ್ದು, ಕಡೆಗೆ ಅದರ ಮೇಲೆ ಕಿತ್ತಳೆ ಸಿಪ್ಪೆಯಂಥ ಸಣ್ಣ ಸಣ್ಣ ಚುಕ್ಕೆ ಮೂಡಿದ್ದು, ಎಲ್ಲವನ್ನೂ ಕಂಡವಳು ನಾನು. ನಾನು "ಹಿಡಕೊಳ್ಳಾಕತ್ತದ್ರಿ" ಅಂದರೆ ತುಟಿ ಮುಚ್ಚಿ ಎದ್ದು ಹೋಗುತ್ತಿದ್ದರು. ಮರುಪ್ರಶ್ನೆ ಇಲ್ಲ.

ಇದನ್ನು ಕಂಡು ಅತ್ತೆ ಒಮ್ಮೆ ಕೇಳಿಯೇ ಬಿಟ್ಟರು. "ಏನೋ, ಉಪಾಧ್ಯೇರ ಗಂಟ ನಂಬಲಿಲ್ಲ, ಡಾಕ್ಟರನ ಗಂಟ ನಂಬಲಿಲ್ಲ. ಇಕಿ ಬಾಯಿಮಾತು ನಂಬತೀ?"

"ಇಕಿ ಅಂದ್ರ ಆತು" ಅಂದರು. ಅಂದು ಹಿತ್ತಲಿಗೆ ಹೋಗಿ ನಳ ಜಗ್ಗಿದರು.

ದೀಪಾವಳಿ ಮುಗಿದು ನೇಮ ತೀರಿದ ಮೇಲೆ ಕೊಲ್ಹಾಪುರಕ್ಕೆ ಹೋದೆವು. ಡಾಕ್ಟರರು ಕಡ್ಡಿ ಇಳಿಸಿದರು. ತುಸುವೇ ಇಳಿದು ನಿಂತಿತು. ಹಲ್ಲುಗಳನ್ನು ಮುಟ್ಟಿ ನೋಡಿದರು. ಗಟ್ಟಿಯಾಗಿದ್ದವು. ವಸಡು ಮಾತ್ರ ಮೊದಲಿಗಿಂತ ಕೆಳಗೆ ಇಳಿದಿತ್ತು. ಹಲ್ಲು ಉದ್ದ ಕಾಣುತ್ತಿದ್ದವು, ನಡುವೆ ಸಂದಿ ಬಿದ್ದಿತ್ತು.

"ಇದ್ದ ಜಾಗಕ್ಕ ಬರಲಿಲ್ಲಲ್ರಿ?"

"ಬರಂಗಿಲ್ಲ. ಹೋದ ಎಲುಬು ಬರಂಗಿಲ್ಲ. ಕೆಳಗ ಎಲ್ಲಿ ಆಸರ ಸಿಗತದೋ ಅಲ್ಲಿ ಹಿಡಕೋತದ. ಅಷ್ಟರ ಮ್ಯಾಲ ಜೀವನ ಮಾಡಬೇಕು." ಆಮೇಲೆ ಡಾಕ್ಟರರು ನಕ್ಕು, "ಈಗ ಬೇಕಾದ್ರ ಎಳದ ನೋಡ್ರಿ. ನಾನೇ ಹೇಳಾಕತ್ತೀನಿ" ಅಂದರು.

ನಮ್ಮ ಮನೆಯವರು ಬೆರಳು ಎತ್ತಿದರು, ಇಳಿಸಿದರು. ನನ್ನ ಕಡೆ ನೋಡಿದರು.

"ಇರ್ಲಿ" ಅಂದರು.

ಅಲ್ಲಿಂದ ಮುಂದೆ ಎಳೆ ಕಡಿಯಲು ಕೊರಳ ಕತ್ತರಿ ಬಂತು. ತಣ್ಣೀರು ಕುಡಿದರೆ ಹಲ್ಲು ಝುಂ ಅನ್ನುತ್ತಿತ್ತು, ‘ಸ’ ಅಂದಾಗಲೆಲ್ಲ ಸಂದಿಯಿಂದ ಸಣ್ಣ ಸಿಳ್ಳೆ ಬರುತ್ತಿತ್ತು. ಶೆಡ್ಡಿನಲ್ಲಿ ಯಾರೂ ಅಣಕಿಸಲಿಲ್ಲ. ಅಣಕಿಸಿದರೆ ಗುಂಡಿ ಹೋಗುತ್ತಿತ್ತು. ಸಂಜೆಯ ನನ್ನ ಕೆಲಸ ಮಾತ್ರ ನಿಲ್ಲಲಿಲ್ಲ. ದಿನವೂ ಅಲ್ಲ, ಎಂಟು ದಿನಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಾಗಿಲಲ್ಲಿ ಕುಳಿತು ತುಟಿ ಇಳಿಸುತ್ತಿದ್ದರು. "ನೀ ನೋಡಿ ಹೇಳು." ಏಳೆಂಟು ವರ್ಷ ನಡೆಯಿತು. ಹೋದಾಗ ಆ ನಾಲ್ಕೂ ಹಲ್ಲು ಅವರ ಬಾಯಲ್ಲಿದ್ದವು.

ಅವರು ಹೋದ ಮೇಲೆ ನನ್ನನ್ನು ನೋಡಲು ಬಂಧು ಬಳಗದವರು ಬರುತ್ತಾರೆ. ಆಜರಾದಿಂದ, ಮುರಗೂಡದಿಂದ, ತವರಿನಿಂದ. ಒಳ್ಳೆಯ ಜನ. ಚಹಾ ಕುಡಿದು ಕೇಳುತ್ತಾರೆ: "ಈಗ ಸಮಾಧಾನ ಆಗೇತಿಲ್ಲೋ? ಮನಸ ಗಟ್ಟಿ ಆತಿಲ್ಲೋ?" ಅವರು ಹೋಗಿ ಹದಿನೈದು ದಿನಕ್ಕೇ ಒಬ್ಬರು ಕೇಳಿದರು, ತಿಂಗಳಿಗೆ ಇನ್ನೊಬ್ಬರು. ನಾನು "ಹೂಂ" ಅನ್ನುತ್ತೇನೆ. ಅವರು ಬಸ್ಸು ಹತ್ತಿದ ಮೇಲೆ ಎರಡು ದಿನ ಒಲೆ ಹೊತ್ತಿಸಲು ಮನಸ್ಸಾಗುವುದಿಲ್ಲ. ಕೈ ಹಚ್ಚಬ್ಯಾಡ್ರಿ ಎಂದು ಹೇಳಬೇಕು ಅನ್ನಿಸುತ್ತದೆ.

ಹಿತ್ತಲಿನ ಹಗ್ಗ ಹಾಗೇ ಇದೆ. ಅದರ ಮೇಲೆ ಈಗ ಒಗೆದು ಹಾಕುವುದು ಒಬ್ಬಳ ಬಟ್ಟೆ. ಸಂಜೆ ಊಟವಾದ ಮೇಲೆ ನಾನು ಹೊರಬಾಗಿಲ ಕಟ್ಟೆಗೆ ಬಂದು ಕೂರುತ್ತೇನೆ. ಹೊತ್ತು ಮುಳುಗುವ ತನಕ ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತದೆ. ನೋಡಿ ಹೇಳು ಅನ್ನುವವರು ಇಲ್ಲ.